ಸುಗುಣಳ ಕಲ್ಲಿಗೆ ನಾನು ಮಾಡಿದ ಚೌಕಾಸಿ

ಹೆಂಡತಿಯ ಸಮಾಧಿಗೆ ನಿಲ್ಲಿಸಿದ ಕಲ್ಲಿಗೆ ನಾನು ಕೊಟ್ಟದ್ದು ಎರಡು ಸಾವಿರದ ಇನ್ನೂರು ರೂಪಾಯಿ. ಸಾಗಣೆಯೂ ಸೇರಿ! ಚಿಕ್ಕಮಗಳೂರಿನ ಕಲ್ಲಿನ ಅಂಗಡಿಯವನು ಅಷ್ಟೇ ಅಳತೆಯ ಕರಿಕಲ್ಲಿಗೆ ಹದಿನೆಂಟು ಸಾವಿರ ಹೇಳಿದ್ದ. ನನ್ನದು ಅಷ್ಟು ಸೋವಿಯಾದದ್ದಕ್ಕೆ ಕಾರಣ ಸರಳ. ಅದು ಸೆಕೆಂಡ್ ಹ್ಯಾಂಡ್ ಕಲ್ಲು.

ಮೂಡಿಗೆರೆ ಪಕ್ಕದ ಒಂದು ಸಣ್ಣ ಊರಿನ ಸಣ್ಣ ಚರ್ಚಿಗೆ ನಾನು ಪಾಸ್ಟರ್. ಆದರೆ ಅದಕ್ಕೂ ಮೊದಲು ಮನೆಮನೆ ತಿರುಗಿ ಕಾಳುಮೆಣಸು ಕೊಂಡು ಮಾರುತ್ತಿದ್ದವನು. ಎಸ್ಟೇಟಿನ ಕೂಲಿ ಲೈನಿನ ಸಾಲುಮನೆಯಲ್ಲಿ ಹುಟ್ಟಿ, ಮೆಣಸಿನ ಮೂಟೆ ಹೊತ್ತು, ಸ್ವಂತ ದುಡ್ಡಿನಲ್ಲಿ ಬೈಬಲ್ ಶಾಲೆ ಓದಿದವನಿಗೆ ಚೌಕಾಸಿ ಎಂಬುದು ಉಸಿರಾಟದ ಹಾಗೆ. ಚರ್ಚಿನ ಹೆಂಚು, ಮೈಕು, ಕ್ರಿಸ್ಮಸ್ಸಿನ ಬಿರಿಯಾನಿ ಅಕ್ಕಿ, ಯಾವುದಕ್ಕೂ ಅಂಗಡಿಯವರು ಹೇಳಿದ ಬೆಲೆಯನ್ನು ನಾನು ಕೊಟ್ಟಿಲ್ಲ. "ದೇವರು ಹತ್ತು ಆಜ್ಞೆ ಕೊಟ್ಟ ಬೆಟ್ಟದ ಮೇಲೆ ನೀವು ಹೋಗಿದ್ದಿದ್ರೆ ಅದನ್ನ ಆರಕ್ಕೆ ಇಳಿಸಿಕೊಂಡು ಬರ್ತಿದ್ರಿ" ಎಂದು ಸುಗುಣ ಹೇಳುತ್ತಿದ್ದಳು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ಅವಳು ಆಸ್ಪತ್ರೆಯಲ್ಲಿದ್ದಾಗಲೂ ನಾನು ಸುಮ್ಮನಿರಲಿಲ್ಲ. ವರಾಂಡದ ಬೆಂಚಿನ ಮೇಲೆ ಕುಳಿತು ನೇರವಾಗಿ ಮೇಲಿರುವ ಮಾಲೀಕರ ಹತ್ತಿರವೇ ಮಾತಿಗಿಳಿದೆ. ಮೊದಲು ಅವಳಿಗೆ ಇನ್ನು ಇಪ್ಪತ್ತು ವರ್ಷ ಕೇಳಿದೆ. ಯಾವ ವ್ಯಾಪಾರದಲ್ಲೂ ಮೊದಲ ಮಾತು ಗಟ್ಟಿಯಾಗಿರಬೇಕು. ಆಮೇಲೆ ಹತ್ತು. ಆಮೇಲೆ ಐದು. ಡಾಕ್ಟರು ಮತ್ತೊಮ್ಮೆ ಬಂದು ಹೋದ ಮೇಲೆ, ಬರುವ ವರ್ಷ ಕಾಫಿ ಹೂ ಬಿಡುವವರೆಗೆ ಆದರೂ ಸಾಕು ಎಂದೆ. ಕಡೆಗೆ, ಗಿರಾಕಿ ಎದ್ದು ಹೊರಟರೆ ಎಂಥ ವ್ಯಾಪಾರಿಯೂ ಹಿಂದಿನಿಂದ ಕರೆಯುತ್ತಾನೆ ಎಂಬ ನನ್ನ ಅನುಭವವನ್ನು ನೆಚ್ಚಿ, "ಹಾಗಾದರೆ ಇನ್ನು ನಾನು ನಿನ್ನನ್ನು ಕೇಳುವುದಿಲ್ಲ" ಎಂದು ಹೇಳಿ ಎದ್ದು ಹೊರಟೆ.

ಯಾರೂ ಕರೆಯಲಿಲ್ಲ. ಕ್ಯಾಂಟೀನಿನವರೆಗೆ ಹೋಗಿ ನಾನೇ ವಾಪಸು ಬಂದೆ. ಆಗಸ್ಟಿನಲ್ಲಿ ಅವಳು ಹೋದಳು.

ಕೈಗೆ ಬಾರದ ಆ ವ್ಯಾಪಾರದ ಸೇಡನ್ನು ನಾನು ಕಲ್ಲಿನ ಮೇಲೆ ತೀರಿಸಿಕೊಂಡೆ ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಿದ್ದು, ಹದಿನೆಂಟು ಸಾವಿರ ದರೋಡೆ ಎಂದು ಮಾತ್ರ. ಸುಗುಣಳ ತಂಗಿ ರತ್ನ, ಅರ್ಧ ದುಡ್ಡು ತಾನು ಹಾಕುತ್ತೇನೆ, ಅಕ್ಕನಿಗೆ ಒಂದು ಒಳ್ಳೆಯ ಕಲ್ಲು ನಿಲ್ಲಿಸೋಣ ಎಂದಳು. ಅವಳಿಗೆ ಅಕ್ಕನ ಹೆಸರು ಗಟ್ಟಿಯಾಗಿ ಒಂದು ಕಡೆ ನಿಲ್ಲಬೇಕಿತ್ತು. ನನಗೂ ಬೇಕಿದ್ದದ್ದು ಅದೇ. ಆದರೆ ನಾನಿರುವಾಗ ನಾದಿನಿಯ ದುಡ್ಡೇ? ನನಗೆ ಬಿಡು ಎಂದೆ.

ಕಳಸದ ದಾರಿಯ ಒಂದು ಗುಜರಿ ಅಂಗಡಿಯಲ್ಲಿ ಕಲ್ಲು ಸಿಕ್ಕಿತು. ಯಾವುದೋ ಕೆಡವಿದ ಕಟ್ಟಡದ ಗೋಡೆಯಿಂದ ಕಿತ್ತದ್ದು. ಒಳ್ಳೆಯ ದಪ್ಪ. ಒಂದೇ ತೊಂದರೆಯೆಂದರೆ ಒಂದು ಮುಖದಲ್ಲಿ 'ನೂತನ ಮೀನು ಮಾರುಕಟ್ಟೆ ಉದ್ಘಾಟನೆ' ಎಂದು ಬಂಗಾರದ ಬಣ್ಣದಲ್ಲಿ, ಕಾಲಿಂಚು ಆಳಕ್ಕೆ ಕೆತ್ತಿತ್ತು. ಆ ಬರಹವನ್ನೇ ತೋರಿಸಿ ನಾನು ಬೆಲೆಯನ್ನು ಇನ್ನಷ್ಟು ಇಳಿಸಿದೆ! ಹಿಂದಿನ ಮುಖಕ್ಕೆ ಪಾಲಿಶ್ ಹೊಡೆಸಿ ಅದನ್ನು ಮುಂದೆ ಮಾಡಿದರಾಯಿತು. ಸಮಾಧಿಯ ತಲೆಯ ಕಡೆಗೆ ಎತ್ತರದ ಧರೆ ಇದೆ. ಕಲ್ಲನ್ನು ಆ ಮಣ್ಣಿನ ಗೋಡೆಗೆ ಒರಗಿಸಿದರೆ ಹಿಂದಿನದನ್ನು ಯಾರು ನೋಡುತ್ತಾರೆ?

ಕೆತ್ತುವವನು ಅಕ್ಷರಕ್ಕೆ ಇಷ್ಟು ಎಂದ. ನಾನು 'ಶ್ರೀಮತಿ' ತೆಗೆಸಿದೆ. ನನ್ನ ಹೆಸರು ತೆಗೆಸಿದೆ. 'ಕರ್ತನಲ್ಲಿ ನಿದ್ರಿಸುತ್ತಿದ್ದಾಳೆ' ಎಂಬುದು ನೋಡಿದವರಿಗೆ ಗೊತ್ತೇ ಆಗುತ್ತದೆ ಎಂದು ಅದನ್ನೂ ತೆಗೆಸಿದೆ. ಉಳಿದದ್ದು 'ಸುಗುಣ'. ಮೂರೇ ಅಕ್ಷರ. ಬದುಕಿದ್ದಾಗಲೂ ಅವಳು ನನಗೆ ಹೀಗೆಯೇ ಖರ್ಚು ಉಳಿಸುತ್ತಿದ್ದಳು.

ಕಲ್ಲು ನಿಲ್ಲಿಸಲು ಬಂದ ಮೇಸ್ತ್ರಿ ಶೇಷಪ್ಪ ಗುಂಡಿ ಒಂದೂವರೆ ಅಡಿಯಾದರೂ ಬೇಕು, ಇನ್ನೊಂದು ಮೂಟೆ ಸಿಮೆಂಟು ತರಿಸಿ ಎಂದ. ಮುಕ್ಕಾಲು ಅಡಿ ಸಾಕು, ಹಿಂದೆ ಧರೆ ಹಿಡಿದುಕೊಳ್ಳುತ್ತದೆ ಎಂದೆ.

"ಧರೆ ಎಂತ ಹಿಡ್ಕೊಳ್ತದೆ ಅಯ್ನೋರೆ? ಮಳೆಗಾಲದಲ್ಲಿ ಅದನ್ನೇ ಯಾರಾದ್ರೂ ಹಿಡ್ಕೊಬೇಕು" ಎಂದ ಶೇಷಪ್ಪ.

ವಿಶ್ವಾಸ ಬೇಕು ಶೇಷಪ್ಪ ಎಂದು ನಾನು ಬೋಧನೆ ಮಾಡಿದೆ. ಸಿಮೆಂಟು ಉಳಿಸಲು ವಿಶ್ವಾಸವನ್ನು ಬಳಸಿದ ಮೊದಲ ಪಾಸ್ಟರ್ ನಾನೇ ಇರಬೇಕು.

ಅದಾದ ಮೇಲೆ ನಾನು ಆ ಕಡೆಗೆ ಹೋಗಲಿಲ್ಲ. ಬೇರೆಯವರನ್ನು ಮಣ್ಣು ಮಾಡುವಾಗ ಅಲ್ಲಿ ನಿಂತು, ಇದು ಕೊನೆಯಲ್ಲ ಎಂದು ಎಷ್ಟೋ ಸಲ ಹೇಳಿದ್ದೇನೆ. ಅದನ್ನು ನನಗೇ ಹೇಳಿಕೊಳ್ಳಬೇಕಾದ ಜಾಗಕ್ಕೆ ಕಾಲು ಬರುತ್ತಿರಲಿಲ್ಲ. ಮಳೆ ಜೋರಿದೆ ಎಂದು ರತ್ನಳಿಗೆ ನೆಪ ಹೇಳುತ್ತಿದ್ದೆ. ಈ ಊರಿನಲ್ಲಿ ಆ ನೆಪ ಅಕ್ಟೋಬರಿನವರೆಗೆ ಬಾಳಿಕೆ ಬರುತ್ತದೆ. ಆಮೇಲೆ ಬೇರೆ ನೆಪ ಹುಡುಕಿಕೊಂಡೆ.

ಅವಳು ಹೋಗಿ ವರ್ಷ ತುಂಬಿದ ಪ್ರಾರ್ಥನೆಯ ದಿನ ಚರ್ಚಿನ ಸಭೆಯವರೆಲ್ಲ ಕೊಡೆ ಹಿಡಿದು ನನ್ನ ಹಿಂದೆ ಹೊರಟರು. ಪಕ್ಕದಲ್ಲಿ ಸೇವಂತಿಗೆ ಹಾರ ಹಿಡಿದ ರತ್ನ. ನಾನು ಕೀರ್ತನೆ ಹೇಳಿಕೊಡುತ್ತ ಬೇಲಿಯ ತಿರುವು ದಾಟಿದೆ. ಅಲ್ಲಿಗೆ ಕೀರ್ತನೆ ನಿಂತಿತು.

ಧರೆ ಕುಸಿದಿತ್ತು. ಕಲ್ಲು ಮುಂದಕ್ಕೆ ಬಿದ್ದು, ಸುಗುಣಳ ಮೇಲೆ ಬೋರಲಾಗಿ ಮಲಗಿತ್ತು. ತಿಂಗಳಿಡೀ ಸುರಿದ ಮಳೆ ಅದರ ಬೆನ್ನನ್ನು ಚೊಕ್ಕಟವಾಗಿ ತೊಳೆದಿತ್ತು. ಬಂಗಾರದ ಬಣ್ಣ ಒಂದಿಷ್ಟೂ ಮಾಸಿರಲಿಲ್ಲ. ನೂತನ ಮೀನು ಮಾರುಕಟ್ಟೆ!

ಅಷ್ಟೂ ಕೊಡೆಗಳು ಅಲ್ಲಾಡದೆ ನಿಂತವು. ಹಿಂದಿನ ಸಾಲಿನ ಒಬ್ಬ ಅಜ್ಜಿ, ಎಂತ ಬರೆದಿದೆ ಎಂದು ಪಕ್ಕದವರನ್ನು ಕೇಳಿದರು. ಪಕ್ಕದವರು ಓದಿ ಹೇಳಿದರು. ಅಜ್ಜಿ, ಇಲ್ಲಿಗೆ ಯಾವಾಗ ಬಂತು ಅದು ಎಂದರು. ಆ ಕಡೆ ಯಾರೋ ನಗು ತಡೆಯಲಾರದೆ ಕೆಮ್ಮಿದರು. ಒಬ್ಬರ ಕೆಮ್ಮು ಇನ್ನೊಬ್ಬರಿಗೆ ಅಂಟಿ, ಸಭೆಗೆ ಸಭೆಯೇ ಕೆಮ್ಮತೊಡಗಿತು.

ರತ್ನ ಕೆಮ್ಮಲಿಲ್ಲ. ಹಾರವನ್ನು ಎಲ್ಲಿಡುವುದು ಎಂದು ತಿಳಿಯದೆ ಹಿಡಿದೇ ನಿಂತಿದ್ದಳು.

"ಎಷ್ಟು ಉಳೀತು ಭಾವ?" ಎಂದಳು.

ಅವಳು ಬಗ್ಗಿ ಆ 'ಉದ್ಘಾಟನೆ'ಯ ಮೇಲೆ ಬಿದ್ದಿದ್ದ ಮಣ್ಣಿನ ಹೆಂಟೆಯನ್ನು ತೆಗೆದಳು. ತೆಗೆಯುತ್ತಲೇ ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು. ಆಮೇಲೆ ಅಳುತ್ತಿದ್ದಳು.

"ಅಕ್ಕ ಇದ್ದಿದ್ರೆ ಇವತ್ತಿಡೀ ಇದನ್ನೇ ಹೇಳಿ ಹೇಳಿ ನಗ್ತಿದ್ಲು ಭಾವ" ಎಂದಳು.

ನಿಜ. ಅಷ್ಟು ಹೊತ್ತೂ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಅದೇ. ಬೇಗ ಮನೆಗೆ ಹೋಗಿ ಸುಗುಣಳಿಗೆ ಹೇಳಬೇಕು, ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಗುವುದನ್ನು ನೋಡಬೇಕು ಎಂದು. ಅವಳು ಹೋಗಿದ್ದಾಳೆ ಎಂಬುದು ನನಗೆ ಸರಿಯಾಗಿ ತಿಳಿದದ್ದು ಆ ಮೀನು ಮಾರುಕಟ್ಟೆಯ ಎದುರು ನಿಂತಾಗ.

ಗಂಡಸರು ಸೇರಿ ಕಲ್ಲನ್ನು ಎತ್ತಿದರು. ಅದರ ಒಂದು ಬದಿ ಸೀಳಿ, ಅವಳ ಹೆಸರಿನ ಮೂರನೆಯ ಅಕ್ಷರ ಮಣ್ಣಿನಲ್ಲೇ ಉಳಿದಿತ್ತು.

ಮರುದಿನವೇ ಮೊದಲ ಬಸ್ಸಿಗೆ ಚಿಕ್ಕಮಗಳೂರಿಗೆ ಹೋದೆ. ಹದಿನೆಂಟು ಸಾವಿರವನ್ನು ಎಣಿಸಿ ಜೇಬಿನಲ್ಲಿಟ್ಟುಕೊಂಡಿದ್ದೆ. ಒಂದು ರೂಪಾಯಿ ಚೌಕಾಸಿ ಮಾಡುವುದಿಲ್ಲ, ಅವಳಿಗೆಂದು ಒಂದು ವಸ್ತುವನ್ನಾದರೂ ಪೂರ್ತಿ ಬೆಲೆಗೆ ಕೊಳ್ಳುತ್ತೇನೆ ಎಂದು ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡೆ. ಕಲ್ಲಿನ ಅಂಗಡಿಯವನಿಗೆ ನನ್ನ ಗುರುತು ಸಿಕ್ಕಿತು. ಅವನ ಮುಖ ಬಾಡಿತು. ಅದೇ ಕಲ್ಲು, ಅದೇ ಬೆಲೆ ಎಂದು ಮೊದಲೇ ಹೇಳಿ, ಯಾವ ಹೆಸರು ಕೆತ್ತಬೇಕು ಎಂದು ಕೇಳಿದ.

ಹೇಳಲು ಬಾಯಿ ತೆರೆದೆ. ಮೂರೇ ಅಕ್ಷರ, ಹೊರಗೆ ಬರಲಿಲ್ಲ. ನಾನು ಕಲ್ಲನ್ನೇ ನೋಡುತ್ತ ನಿಂತೆ.

ಅವನು ಸ್ವಲ್ಪ ಕಾದು, ಹದಿನಾರು ಮಾಡಿಕೊಳ್ಳಿ ಎಂದ. ನಾನು ಬೇಡವೆಂದು ತಲೆಯಾಡಿಸಿದೆ. ಅದನ್ನು ಅವನು ಬೇರೆಯಾಗಿ ತಿಳಿದು ಹದಿನಾಲ್ಕಕ್ಕೆ ಬಂದ. ನಾನು ಜೇಬಿನಿಂದ ಟವಲು ತೆಗೆದು ಮುಖ ಒರೆಸಿಕೊಂಡೆ. ಹನ್ನೆರಡಾಯಿತು.

"ಅಯ್ನೋರೆ, ಇನ್ನು ಇಳಿಸಿದ್ರೆ ಇದರ ಮೇಲೆ ನನ್ನ ಹೆಸರೇ ಕೆತ್ತಬೇಕಾಗ್ತದೆ" ಎಂದ.

ಕಲ್ಲಿನ ಮೇಲೆಲ್ಲ ಬಿಳಿ ಧೂಳು ಕುಳಿತಿತ್ತು. ನಾನು ಬೆರಳಿನಿಂದ ಅದರ ಮೇಲೆ 'ಸುಗುಣ' ಎಂದು ಬರೆದೆ. ಅವನು ಅಕ್ಷರ ನೋಡಿದ. ನನ್ನನ್ನು ನೋಡಿದ. ಆಮೇಲೆ ದನಿ ತಗ್ಗಿಸಿ, "ಅಕ್ಷರದ ದುಡ್ಡು ಬೇಡ ಬಿಡಿ ಮಾರಾಯ್ರೆ" ಎಂದ. ನಾನು ಇಡೀ ಹದಿನೆಂಟನ್ನು ಮೇಜಿನ ಮೇಲಿಟ್ಟೆ. ಅವನು ಆರನ್ನು ತೆಗೆದು ನನ್ನ ಜೇಬಿಗೇ ತುರುಕಿ, ಟೀ ಕುಡಿಸಿ ಬಸ್ಸು ಹತ್ತಿಸಿದ. ನನ್ನ ಜೀವಮಾನದಲ್ಲೇ ಇಂಥ ಚೌಕಾಸಿ ನಾನು ಮಾಡಿರಲಿಲ್ಲ. ಮಾಡಬಾರದೆಂದು ಹೋದ ದಿನವೇ ಆಗಿಹೋಯಿತು.

ಆದ್ದರಿಂದ ಓದುಗರಲ್ಲಿ ಅನುಭವಸ್ಥನ ವಿನಂತಿ. ಮೇಸ್ತ್ರಿ ಒಂದೂವರೆ ಅಡಿ ಎಂದರೆ ಎರಡು ಅಡಿ ತೋಡಿಸಿ. ಮಲೆನಾಡಿನ ಧರೆಯನ್ನು ನಂಬಿ ಏನನ್ನೂ ಒರಗಿಸಬೇಡಿ. ಕಲ್ಲಿನ ಅಂಗಡಿಗೆ ಹೋಗುವಾಗ ಗಂಟಲು ನೆಟ್ಟಗಿರುವ ಒಬ್ಬರು ಜೊತೆಗಿರಲಿ. ಇನ್ನು, ಪೂರ್ತಿ ಬೆಲೆ ಕೊಟ್ಟು ಹೆಂಡತಿಗೆ ಏನಾದರೂ ಕೊಡಿಸುವ ಆಸೆ ನಿಮಗಿದ್ದರೆ, ದಯವಿಟ್ಟು ಇವತ್ತೇ ಹೋಗಿ ಕೊಡಿಸಿ. ಅವಳನ್ನೂ ಕರೆದುಕೊಂಡು ಹೋಗಿ. ದುಬಾರಿಯಾಯಿತು ಎಂದು ಅವಳು ಬೈಯುತ್ತಾಳೆ. ಬೈಸಿಕೊಳ್ಳಿ.