ರೊಟ್ಟಿಯ ಉಪ್ಪು ಬಿಟ್ಟ ವೀರ

"ಇವತ್ತಿನಿಂದ ಈ ಮನ್ಯಾಗ ಉಪ್ಪಿನ ದರ್ಬಾರ್ ಖತಂ!"

ವಾಡಿಯ ಕಲ್ಲಿನ ಕಾರ್ಖಾನೆಯ ಕಾರಕೂನ ಅಮೃತಪ್ಪ ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು ಗುಡುಗಿದ. ಆ ಹೊಸ್ತಿಲು ದಾಟಿ ಒಳಗೆ ಹೋದ ದಾಖಲೆ ಆತನ ಇಪ್ಪತ್ತಾರು ವರ್ಷಗಳ ಚರಿತ್ರೆಯಲ್ಲೇ ಇರಲಿಲ್ಲ!

ಕಾರಣ ಸಣ್ಣದಲ್ಲ. ನೌಕರಿ ಖಾಯಂ ಆಗುವ ಮುಂಚಿನ ತಪಾಸಣೆಯಲ್ಲಿ ಆತನ ಬಿ.ಪಿ. ಅಟ್ಟ ಹತ್ತಿ ಕುಳಿತಿತ್ತು. "ದಿನಾ ಉಣ್ಣುವ ಮುಖ್ಯ ಆಹಾರದಲ್ಲಿ ಉಪ್ಪು ಕಡಿಮೆ ಮಾಡಿ. ತಿಂಗಳು ಬಿಟ್ಟು ನೋಡೋಣ. ಇಳಿದರೆ ಸಹಿ, ಇಲ್ಲವಾದರೆ ಇಲ್ಲ" ಎಂದಿದ್ದರು ಕಾರ್ಖಾನೆಯ ಡಾಕ್ಟರು. ಮೈಸೂರು ರಾಜ್ಯವೇ ಮೊನ್ನೆ ಕರ್ನಾಟಕವಾಗಿರುವಾಗ ತಾನೊಬ್ಬ ಖಾಯಂ ಆಗದಿದ್ದರೆ ಹೇಗೆ!

ಮುಖ್ಯ ಆಹಾರವೆಂದರೆ ಜೋಳದ ರೊಟ್ಟಿ. ಅಷ್ಟು ತಿಳಿಯದ ದಡ್ಡನೇ ಅಮೃತಪ್ಪ?

"ರೊಟ್ಟಿಗಿ ಉಪ್ಪು ಪೂರಾ ಬಂದ್!"

ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಸಾಬಮ್ಮನ ಕೈ ನಿಂತಿತು. ಗಂಡನ ಮುಖ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಆಯ್ತ್ರಿ. ಒಂದು ಹರಳು ಸೈತ ಹಾಕಂಗಿಲ್ಲ."

"ನಾ ಬೇಡಿದ್ರೂ ಹಾಕಬ್ಯಾಡ!"

"ಕಾಲಿಗಿ ಬಿದ್ರೂ ಹಾಕಂಗಿಲ್ರಿ."

ಮೊದಲ ತುತ್ತಿಗೇ ಅಮೃತಪ್ಪನ ಕಣ್ಣು ತುಂಬಿತು. "ಅಬಬಾ, ಎಂಥಾ ಸಪ್ಪಗದ! ನಾಲಿಗಿ ಅಳಾಕತ್ತದ. ಆದ್ರೂ ಹ್ಯಾಂಗ ನುಂಗತೀನಿ ನೋಡು!"

"ಭಾಳ ಧೈರ್ಯರಿ ನಿಮ್ದು."

ತಿಂಗಳು ಮುಗಿಯಿತು. ಬಿ.ಪಿ. ಇಳಿಯಿತು! ಡಾಕ್ಟರ ಸಹಿ ಬಿತ್ತು, ನೌಕರಿ ಖಾಯಂ ಆಯಿತು. "ನಿಮ್ಮ ಅನುಭವವನ್ನು ನಾಲ್ಕು ಜನಕ್ಕೆ ಹೇಳಿ" ಎಂದು ಡಾಕ್ಟರು ಬೆನ್ನು ತಟ್ಟಿದ್ದೇ ತಡ, ಅಮೃತಪ್ಪ ಫರ್ಸಿ ಕಲ್ಲಿನ ರಾಶಿ ಹತ್ತಿದ. ಇನ್ನೂರು ಮಂದಿ ಕೆಲಸಗಾರರು ಮುಂದೆ!

"ಬಂಧುಗಳೇ! ತಿಂಗಳು ಪೂರಾ ಉಪ್ಪಿಲ್ಲದ ಜ್ವಾಳದ ರೊಟ್ಟಿ ತಿಂದು ಬಿ.ಪಿ. ಇಳಿಸೀನಿ!"

ಚಪ್ಪಾಳೆ ಬರಲಿಲ್ಲ. ಕಲ್ಲು ಕೊಯ್ಯುವ ಅಬ್ದುಲ್ ಗನಿ ಎದ್ದು ನಿಂತ. "ಅಮೃತಪ್ಪಾ, ಜ್ವಾಳದ ರೊಟ್ಟಿಗಿ ನಮ್ಮ ಮುತ್ತ್ಯಾರ ಕಾಲದಾಗೂ ಯಾರೂ ಉಪ್ಪು ಹಾಕಿಲ್ಲಲ್ಲೋ!"

ನಗೆಗೆ ಕಲ್ಲಿನ ರಾಶಿ ಅದುರಿತು. ಪಕ್ಕದಲ್ಲೇ ನಿಂತಿದ್ದ ಡಾಕ್ಟರು ಮಾತ್ರ ನಗು ತಡೆದು, "ಹಾಗಾದರೆ ಬಿ.ಪಿ. ಇಳಿದದ್ದು ಹೇಗೆ?" ಎಂದು ನೆಟ್ಟಗೆ ಆತನ ಮನೆಗೇ ಬಂದರು. ಸಾಬಮ್ಮ ಬಾಯಿ ಬಿಟ್ಟಳು: ಬೇಳೆ, ಪಲ್ಯ, ಶೇಂಗಾ ಚಟ್ನಿಪುಡಿ ಎಲ್ಲದರಲ್ಲೂ ದಿನಕ್ಕಿಷ್ಟು ಕಡಿಮೆ ಮಾಡುತ್ತ ಉಪ್ಪನ್ನು ಅರ್ಧಕ್ಕೆ ತಂದಿದ್ದಳು!

ಮರುವಾರ ಸಾಬಮ್ಮನ ಅನುಭವ ಕೇಳಲು ಕಾರ್ಖಾನೆ ಕಾಲೊನಿಯ ಹೆಂಗಸರೆಲ್ಲ ಸೇರಿದರು. ಕುರ್ಚಿಯ ಮೇಲೆ ಸಾಬಮ್ಮ. ಹಿಂದೆ ನೀರಿನ ತಂಬಿಗೆ ಹಿಡಿದು ಖಾಯಂ ನೌಕರ ಅಮೃತಪ್ಪ. ಅರವತ್ತು ಮನೆಗಳು ಅಂದೇ ಉಪ್ಪು ಇಳಿಸಲು ಒಪ್ಪಿದವು. ಆ ಹೆಂಗಸರಲ್ಲಿ ಚಾಂದಬೀಗೆ ಮಾತ್ರ ಒಂದು ಸಂಶಯ.

"ಬ್ಯಾಳಿ ಸಪ್ಪಗಾದ್ರ ನಮ್ಮ ಮನಿಯವರು ಉಣ್ಣೋ ಗಂಗಾಳನೇ ಎತ್ತಿ ಒಗೀತಾರವ್ವ. ನಿಮ್ಮವರಿಗಿ ಗೊತ್ತೇ ಆಗಲಿಲ್ಲೇನು?"

"ಎಲ್ಲಿ ಗೊತ್ತಾಗ್ತದವ್ವ?" ಎಂದಳು ಸಾಬಮ್ಮ. "ತಿಂಗಳು ಪೂರಾ ಅವರು ರೊಟ್ಟೀದೇ ರುಚಿ ನೋಡಾಕತ್ತಿದ್ರು!"