ಮುಖ ಗಂಟು ಹಾಕಿಕೊಂಡು ಮನೆ ನೋಡಿದ್ದು

ಸಂತೋಷವನ್ನು ಅಡಗಿಸಿಡುವುದು ಹೇಗೆಂದು ನನಗೆ ಯಾರೂ ಕಲಿಸಲಿಲ್ಲ. ನಾನು ಶಾಲೆಗೆ ಹೋದದ್ದು ಮೂರನೇ ಕ್ಲಾಸಿನವರೆಗೆ; ಬಹುಶಃ ಅದು ನಾಲ್ಕನೇ ಕ್ಲಾಸಿನ ಪಾಠವಿರಬೇಕು. ಮೊಮ್ಮಗಳು ಹುಟ್ಟಿದ ಮೇಲಂತೂ ಶಂಕರಪುರದಲ್ಲಿ ಮಲ್ಲಿಗೆ ಕಟ್ಟುತ್ತಾ ಕೂತರೂ ಮೊಗ್ಗು ಒಂದು ಕಡೆ, ಮನಸ್ಸು ಮಣಿಪಾಲದ ಕಡೆ. ಮಗಳು ಅಳಿಯ ಅಲ್ಲಿ ಬಾಡಿಗೆಗಿದ್ದರು. ಓದಲು ಬರುವ ಮಕ್ಕಳಿಗೆ ಕೊಟ್ಟರೆ ಹೆಚ್ಚು ಬಾಡಿಗೆ ಸಿಗುತ್ತದೆಂದು ಮನೆ ಮಾಲೀಕರು ಇವರಿಗೆ ಮನೆ ಬಿಡಲು ಹೇಳಿದ್ದರು. ಕೊಳ್ಳೋಣವೆಂದರೆ, ಆ ಊರಿನಲ್ಲಿ ಮನೆಯ ರೇಟು ಕೇಳಿ ಕಿವಿ ಮುಚ್ಚಿಕೊಳ್ಳಬೇಕು. ಕಡೆಗೂ ಕೈಗೆಟಕುವಂಥದ್ದು ಒಂದೇ ಒಂದು ಫ್ಲ್ಯಾಟು ಸಿಕ್ಕಿತು. ಒಡತಿ ವಯಸ್ಸಾದ ಹೆಂಗಸು; ಕಾರ್ಕಳದ ತಂಗಿಯ ಜೊತೆ ಇರಲು ಹೋಗುವವರು. ಮನೆ ನೋಡಲು ಹೋಗಿ ಮೆಟ್ಟಿಲು ಹತ್ತುವಾಗ ಅಳಿಯ ಮೆಲ್ಲಗೆ, “ಅತ್ತೆ, ನಿಮ್ಮ ನಗು ಕಂಡರೆ ರೇಟು ಏರ್ತದೆ. ದಮ್ಮಯ್ಯ, ಸ್ವಲ್ಪ ಮುಖ ಗಂಟು ಹಾಕಿ,” ಎಂದರು.

ಮಲ್ಪೆಯಿಂದ ಬರುವ ಮೀನಿನವಳ ಮುಂದೆ ಹೊಳೆಯುವ ಬಂಗುಡೆಗೂ ಮೂಗು ಮುರಿದು ಚೌಕಾಸಿ ಮಾಡಿದವಳು ನಾನು. ಇದೇನು ಮಹಾ ಎಂದುಕೊಂಡೆ. ಆದರೆ ಬಾಗಿಲು ದಾಟಿ ನೋಡಿದರೆ, ಬಾಲ್ಕನಿಯಿಂದ ಸಂಜೆಯ ಬಿಸಿಲು ಹಾಲ್ ತುಂಬ ಹರಡಿಕೊಂಡಿತ್ತು. ಆ ಬಿಸಿಲಿನ ಮೇಲೆ ನನ್ನ ಚಿನ್ನುಮರಿ ಅಂಬೆಗಾಲಿಡುತ್ತಾ ಹೋಗುವುದು ಕಂಡಿತು. ಮಗು ಆಗ ಮಗಳ ಹೆಗಲ ಮೇಲೆ ನಿದ್ದೆಯಲ್ಲಿತ್ತು, ಅದು ಬೇರೆ ಮಾತು. ಬಾಲ್ಕನಿಯಲ್ಲಿ ಮಲ್ಲಿಗೆಯ ಕುಂಡ, ಈ ಕೋಣೆಯಲ್ಲಿ ತೊಟ್ಟಿಲು, ಆ ಕೋಣೆಯಲ್ಲಿ ಮಗಳು ಅಳಿಯ... ನಾನು ತೇಲಿಯೇ ಹೋದೆ. ಅಳಿಯ ಕೆಮ್ಮಿದರು. ಕೂಡಲೇ ತುಟಿ ಬಿಗಿದು, “ಅಡಿಗೆಮನೆ ಕತ್ತಲೆ. ಹಾಲ್ ಸಣ್ಣದು. ಎಂತ ಮನೆಯೋ!” ಎಂದೆ.

ಒಡತಿಯ ಮುಖ ಸಪ್ಪಗಾಯಿತು. “ಬೇಡ ಬಿಡಿ. ಮಗುವಿನ ಹಾಗೆ ನೋಡಿಕೊಂಡ ಮನೆ ಇದು. ಇಷ್ಟ ಇಲ್ಲದವರ ಕೈಗೆ ಕೊಡುವುದಿಲ್ಲ,” ಎಂದು ಕಿಟಕಿ ಮುಚ್ಚಲು ಎದ್ದರು. ಮಗಳ ಕಣ್ಣಲ್ಲಿ ನೀರು. ನನಗೆ ತಡೆಯಲಾಗಲಿಲ್ಲ.

“ಅಯ್ಯೋ ಅಕ್ಕಾ, ಇಷ್ಟ ಇಲ್ಲ ಅಂತ ಯಾರು ಹೇಳಿದ್ದು ಮಾರಾಯ್ರೆ? ನಿಮ್ಮ ಅಡಿಗೆಮನೆಯಲ್ಲಿ ನಾನು ಗಂಜಿ ಬೇಯಿಸಿ, ಮೊಮ್ಮಗಳಿಗೆ ಉಣ್ಣಿಸಿ ಆಯ್ತು! ಮುಖ ಗಂಟು ಹಾಕ್ಲಿಕ್ಕೆ ಹೇಳಿದ್ದು ನಮ್ಮ ಅಳಿಯ!”

ಅಳಿಯ ಗೋಡೆಯ ಬಣ್ಣ ನೋಡತೊಡಗಿದರು. ಒಡತಿ ಬಿದ್ದು ಬಿದ್ದು ನಕ್ಕು, “ಹಾಗಾದರೆ ನಿಮಗೇ ಕೊಡುವುದು. ಆದರೆ ರೇಟು ಒಂದು ರೂಪಾಯಿ ಇಳಿಯುವುದಿಲ್ಲ. ಇಷ್ಟು ಇಷ್ಟಪಟ್ಟವರಿಗೆ ಇಳಿಸುವುದು ಎಂತಕ್ಕೆ?” ಎಂದರು.

ನನ್ನನ್ನು ಶಂಕರಪುರಕ್ಕೆ ಬಿಡಲು ಅಳಿಯ ಕಾರು ಹೊರಡಿಸಿದರು. ನಾನೋ, ಉಡುಪಿ ದಾಟಿದರೂ ಆ ಮನೆಯೊಳಗೇ ಇದ್ದೆ. ತೊಟ್ಟಿಲಿಗೆ, ಆಟಿಕೆಗೆ, ಬರುವ ನೆಂಟರಿಗೆ, ಗೊಂಬೆಯ ಮದುವೆಗೆ ಸಹ ಜಾಗ ಹಂಚುತ್ತಾ, ಎಲ್ಲವನ್ನೂ ಬಾಯಿಬಿಟ್ಟು ಹೇಳುತ್ತಾ. ಮಗಳು ತಿರುಗಿ, “ಅಮ್ಮಾ, ಇರುವುದು ಎರಡೇ ಕೋಣೆ. ಎಲ್ಲ ಹಂಚಿ ಮುಗಿಸಿದೆಯಲ್ಲ, ನೀನು ಬಂದರೆ ಮಲಗುವುದು ಎಲ್ಲಿ?” ಎಂದಳು. ಅರೆ, ಹೌದಲ್ಲ! ಇಡೀ ಮನೆಯಲ್ಲಿ ನನ್ನೊಬ್ಬಳನ್ನು ಎಲ್ಲಿಯೂ ಇಟ್ಟಿರಲಿಲ್ಲ. ಕಣ್ಣು ಮುಚ್ಚಿ, ಮತ್ತೆ ಬಾಗಿಲಿನಿಂದ ಶುರು ಮಾಡಿ ಕೋಣೆ ಕೋಣೆ ಹುಡುಕಿದೆ. ತೊಟ್ಟಿಲ ಪಕ್ಕದಲ್ಲಿ ಒಂದು ಚಾಪೆಯಷ್ಟು ಜಾಗ ಖಾಲಿ ಕಂಡಿತು. ಅದನ್ನು ಮಾತ್ರ ನಾನು ಯಾವ ರೇಟಿಗೂ ಬಿಟ್ಟುಕೊಡುವವಳಲ್ಲ.