ಸ್ಪ್ಯಾನಿಷ್ ಕಲಿಯಲು ಒಂದು ಭದ್ರವಾದ ಊರು

"ಒಬ್ಬಳೇ ಹೋಗ್ತೀನಿ, ಒಬ್ಬಳೇ ಇರ್ತೀನಿ, ಸ್ಪ್ಯಾನಿಷ್ ಕಲಿತು ಒಬ್ಬಳೇ ವಾಪಸ್ ಬರ್ತೀನಿ! ಯಾರ ಕಾವಲೂ ನನಗೆ ಬೇಡ!"

ಹೀಗೆಂದು ಕನ್ನಡಕದಕ್ಕ ಊಟದ ಮೇಜಿಗೆ ಸೌಟು ಕುಟ್ಟಿ ಘೋಷಣೆ ಹೊರಡಿಸಿದಾಗ ಎದುರಿಗೆ ಕೂತಿದ್ದವರು ಇಬ್ಬರೇ. ಒಬ್ಬ ಅವಳ ಗಂಡ ಬೀಗದಣ್ಣ, ಇನ್ನೊಬ್ಬರು ಅವನ ತಾಯಿ. ಅಕ್ಕ ಅಣ್ಣ ಅದು ಹೇಗೆ ಗಂಡ ಹೆಂಡತಿಯಾದರು ಎಂದು ಹುಬ್ಬೇರಿಸಬೇಡಿ. ಅವಳದು ಕನ್ನಡಕದ ಅಂಗಡಿ, ಅವನದು ಬೀಗ ರಿಪೇರಿ ಅಂಗಡಿ, ಎರಡರ ನಡುವೆ ಒಂದೇ ಗೋಡೆ. ಹೆಸರಿಟ್ಟದ್ದು ಬೀದಿಯ ಜನ. ಬೀದಿಯ ಜನಕ್ಕೆ ಸಂಬಂಧದ ಚಿಂತೆ ಎಲ್ಲಿದೆ?

"ಈ ವಯಸ್ಸಲ್ಲಿ ಆ ಭಾಷೆ ಯಾಕೇ?" ಎಂದು ಬೀಗದಣ್ಣ ಮೆಲ್ಲಗೆ ಕೇಳಿದ.

"ಯಾಕೆ ಅಂದ್ರೆ, ನನಗೆ ಗೊತ್ತಿರೋ ಭಾಷೇಲೆಲ್ಲ ನೀವು 'ಟವೆಲ್ ಎಲ್ಲೇ' ಅಂತ ಕೇಳಿ ಆಗಿದೆ. ಯಾರೂ ನನ್ನನ್ನ ಟವೆಲ್ ಕೇಳದೇ ಇರೋ ಭಾಷೆ ಒಂದಾದ್ರೂ ಇರಲಿ ಅಂತ!"

ಬೀಗದಣ್ಣ ಸೋಲೊಪ್ಪುವ ಆಸಾಮಿಯಲ್ಲ. "ಹೋಗು, ಬೇಡ ಅಂದವರ್ಯಾರು? ಆದ್ರೆ ಒಂಟಿ ಹೆಂಗಸು. ಊರು ಭದ್ರವಾಗಿರಬೇಕು. ಊರನ್ನ ನಾನು ಆರಿಸ್ತೀನಿ" ಎಂದ.

ಅಲ್ಲಿಗೆ ಶುರುವಾಯಿತು ನೋಡಿ! ಕನ್ನಡಕದಕ್ಕ ಸಂಜೆ ಅಂಗಡಿ ಮುಚ್ಚಿ ಬಂದು ಒಂದೊಂದು ಊರಿನ ಶಾಲೆ ಹುಡುಕಿ ಲ್ಯಾಪ್‌ಟಾಪ್ ಕಂಪ್ಯೂಟರಿನಲ್ಲಿ ತೋರಿಸುವುದು, ಅವನು ಆ ಊರಿನ ಬೀದಿಗಳ ಚಿತ್ರವನ್ನು ದೊಡ್ಡದು ಮಾಡಿ ಮಾಡಿ ನೋಡುವುದು. ಬೇರೆಯವರಾದರೆ ಬೀದಿದೀಪ ಇದೆಯೋ, ಪೊಲೀಸ್ ಠಾಣೆ ಎಲ್ಲಿದೆಯೋ ನೋಡುತ್ತಾರೆ. ಇವನು ನೋಡುತ್ತಿದ್ದುದು ಬಾಗಿಲಿನ ಬೀಗಗಳನ್ನು ಮಾತ್ರ!

"ಈ ಊರಲ್ಲಿ ನೋಡು, ಒಂದೊಂದು ಬಾಗಿಲಿಗೆ ಎರಡೆರಡು ಬೀಗ. ಅಂದ್ರೆ ಕಳ್ಳರಿದ್ದಾರೆ. ಬೇಡ."

"ಸರಿ, ಇದು?"

"ಇಲ್ಲಿ ಬೀಗಾನೇ ಇಲ್ವಲ್ಲೇ! ಅಂದ್ರೆ ಕಳ್ಳರು ಬೀಗಾನೂ ಹೊತ್ಕೊಂಡು ಹೋಗಿದ್ದಾರೆ. ಬೇಡವೇ ಬೇಡ!"

ಅತ್ತೆಯದು ಬೇರೆಯೇ ಲೆಕ್ಕ. ಸಮುದ್ರದ ಊರು ಬೇಡ, ಅಲೆ ಎಳೆದುಕೊಂಡು ಹೋಗುತ್ತದೆ. ಬೆಟ್ಟದ ಊರು ಬೇಡ, ಬಸ್ಸು ಉರುಳುತ್ತದೆ. ಬಯಲಿನ ಊರು ತೋರಿಸಿದರೆ "ಬಯಲು ಅಂದ್ರೆ ಎಲ್ಲಾ ಕಡೆಯಿಂದಲೂ ಬರಬಹುದಲ್ಲಮ್ಮಾ" ಎಂದರು. ಯಾರು ಬರಬಹುದು ಎಂದು ಮಾತ್ರ ಹೇಳಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ತಾಯಿ ಮಗ ಸೇರಿ ಭೂಪಟವನ್ನೇ ಖಾಲಿ ಮಾಡಿದರು.

ಕೊನೆಗೆ ಉಳಿದದ್ದು ಒಂದೇ ಒಂದು ಪುಟ್ಟ ಊರು. ಅಲ್ಲೊಂದು ಸಣ್ಣ ಶಾಲೆ, ಶಾಲೆಯ ಹಿಂದೆಯೇ ಒಬ್ಬ ಅಜ್ಜಿಯ ಮನೆ. ಅಜ್ಜಿ ಹೆಂಗಸರಿಗೆ ಮಾತ್ರ ಕೋಣೆ ಕೊಡುತ್ತಿದ್ದರು, ಅದೂ ವಿಡಿಯೊ ಕರೆಯಲ್ಲಿ ತಾವೇ ಮಾತಾಡಿಸಿ, ಮನಸ್ಸಿಗೆ ಹಿಡಿಸಿದರೆ. ಬೀಗದಣ್ಣ ಆ ಮನೆಯ ಬಾಗಿಲನ್ನು ಬಹಳ ಹೊತ್ತು ನೋಡಿ "ಹೂಂ" ಎಂದ. ಅವನ ಬಾಯಿಂದ ಬಂದ ಮೊದಲ ಹೂಂ! ಕನ್ನಡಕದಕ್ಕನಿಗೆ ಕುಣಿದಾಡುವಷ್ಟು ಸಂತೋಷವಾಯಿತು. ಈ ಊರೂ ಕೈತಪ್ಪಿದರೆ ಸ್ಪ್ಯಾನಿಷಿಗೂ ತನಗೂ ಋಣ ಮುಗಿದಂತೆಯೇ ಎಂದು ಅವಳಿಗೆ ಗೊತ್ತಿತ್ತು.

"ಆದ್ರೆ ಒಂದು ಪರೀಕ್ಷೆ" ಎಂದ ಅವನು. "ಅಲ್ಲಿ ಒಬ್ಬಳೇ ಇರೋಕೆ ಮುಂಚೆ ಇಲ್ಲಿ ಒಂದು ದಿನ ಒಬ್ಬಳೇ ಇದ್ದು ತೋರಿಸು. ನಾನು ಅಮ್ಮನ್ನ ಕರ್ಕೊಂಡು ನಮ್ಮಕ್ಕನ ಮನೆಗೆ ಹೋಗ್ತೀನಿ. ಯಾರೇ ಬಂದ್ರೂ, ಏನೇ ಹೇಳಿದ್ರೂ ಬಾಗಿಲು ತೆಗೀಕೂಡದು. ನಾನೇ ಬಂದು ಗೋಗರೆದ್ರೂ ತೆಗೀಬೇಡ, ತಿಳೀತಾ?"

"ನೀವು ಬಂದ್ರೆ ಖಂಡಿತ ತೆಗೆಯಲ್ಲ!" ಎಂದಳು ಅವಳು, ಬಹಳ ಉತ್ಸಾಹದಿಂದ.

ಪರೀಕ್ಷೆಗೆಂದೇ ಅವನು ಬಾಗಿಲಿನ ಒಳಗಡೆಗೆ ಕೈತೋಳಿನಷ್ಟು ದಪ್ಪದ ಹೊಸ ಚಿಲಕ ಜಡಿದ. ಅದರ ಕಬ್ಬಿಣದ ಪಟ್ಟಿ ಬಾಗಿಲಿನ ಇಣುಕುಕಿಂಡಿಯನ್ನೇ ಮುಚ್ಚಿಬಿಟ್ಟಿತು. "ಇಣುಕೋದೂ ಅಪಾಯವೇ" ಎಂದು ಸಮಜಾಯಿಷಿ ಕೊಟ್ಟ. ಭಾನುವಾರ ಬೆಳಿಗ್ಗೆ ತಾಯಿ ಮಗ ಹೊರಟರು. ಸೊಸೆ ತನ್ನನ್ನು ಮನೆಯಿಂದಾಚೆ ಕಳಿಸಿದಳೆಂದು ಅತ್ತೆಗೆ ಕೋಪ. ಹೊರಡುವಾಗ ಬಾಯಿ ಬಿಡಲಿಲ್ಲ. ಅಜ್ಜಿಯ ಕರೆ ಬರಬೇಕಿದ್ದುದೂ ಅದೇ ದಿನ ಮಧ್ಯಾಹ್ನ.

ಕನ್ನಡಕದಕ್ಕ ತಲೆ ಬಾಚಿ, ಕಂಪ್ಯೂಟರಿನ ಮುಂದೆ ಮಹಾರಾಣಿಯಂತೆ ಕೂತಳು. ಪುಸ್ತಕ ನೋಡಿ ಕಲಿತ ನಾಲ್ಕು ಸ್ಪ್ಯಾನಿಷ್ ಮಾತನ್ನು ಮತ್ತೆ ಮತ್ತೆ ಉರುಹೊಡೆದಳು. ಆಗಲೇ ಬಾಗಿಲು ಧಡಧಡ!

"ಲೇ, ನಾನು ಕಣೇ! ಬಾಗಿಲು ತೆಗಿ. ಅಮ್ಮ ಹಲ್ಲಿನ ಸೆಟ್ಟು ಬಚ್ಚಲಲ್ಲೇ ಬಿಟ್ಟು ಬಂದಿದ್ದಾರೆ. ಊಟಕ್ಕೆ ಕೂತಾಗ್ಲೇ ಗೊತ್ತಾಗಿದ್ದು!"

ಅಬ್ಬಾ, ಎಂಥ ಚೆಂದದ ಸುಳ್ಳು! ಕನ್ನಡಕದಕ್ಕ ಮನಸ್ಸಿನಲ್ಲೇ ಗಂಡನ ಬೆನ್ನು ತಟ್ಟಿದಳು. "ನೀವು ಅವರೇ ಆಗಿದ್ರೆ ಇದು ಪರೀಕ್ಷೆ. ಅವರಲ್ಲ ಅಂದ್ರೆ ಕಳ್ಳ. ಎರಡಕ್ಕೂ ಬಾಗಿಲು ತೆಗೆಯೋ ಹಾಗಿಲ್ಲ!"

"ಪರೀಕ್ಷೆ ಗಿರೀಕ್ಷೆ ಎಲ್ಲಾ ಮುಗೀತು, ತೆಗಿಯೇ!"

"ಹಾಗಾದ್ರೆ ನನ್ನ ಕನ್ನಡಕದ ಫ್ರೇಮಿನ ಬಣ್ಣ ಹೇಳಿ ನೋಡೋಣ."

ಹೊರಗಿನಿಂದ ಥಟ್ಟನೆ ಉತ್ತರ ಬಂತು. "ಕಪ್ಪು!"

"ಕೆಂಪು! ಹೋದ ವರ್ಷದಿಂದ ಕೆಂಪು! ನನ್ನ ಗಂಡನಿಗೂ ಗೊತ್ತಿರಲಿಕ್ಕಿಲ್ಲ, ನಿಜ. ಆದ್ರೆ ಅವರು ಇಷ್ಟು ಧೈರ್ಯವಾಗಿ ಉತ್ತರ ಹೇಳ್ತಿರಲಿಲ್ಲ!"

ಆಗ ಇನ್ನೊಂದು ದನಿ ಕೇಳಿಸಿತು. "ಬಾಗಿಲು ಹೆಗಿಯಮ್ಮಾ, ನಾನು, ನಿಮ್ಮಹ್ಹೆ!"

ಇದಂತೂ ಅತ್ತೆಯ ದನಿಯೇ ಅಲ್ಲ! ಅತ್ತೆಯ ಮಾತು ಕತ್ತರಿ ಆಡಿಸಿದ ಹಾಗಿರುತ್ತದೆ. ಇದು ಯಾರೋ ಊದುವ ತಿದಿ. "ಪಾತ್ರಧಾರಿಗಳನ್ನ ಬೇರೆ ಕರ್ಕೊಂಡು ಬಂದಿದ್ದೀರಾ? ಬಾಡಿಗೆ ಎಷ್ಟು ಕೊಟ್ರಿ?" ಎಂದು ಕೂಗುತ್ತಿದ್ದ ಹಾಗೆಯೇ ಕಂಪ್ಯೂಟರ್ ಗಣಗಣ ಎಂದಿತು. ಅಜ್ಜಿ!

ಪರದೆಯ ಮೇಲೆ ಬೆಳ್ಳನೆಯ ಕೂದಲಿನ, ನಗುಮುಖದ ಮುದುಕಿ. ಕನ್ನಡಕದಕ್ಕ ನಮಸ್ಕಾರ ಹೇಳಿದಳು, ಊರು ಹೇಳಿದಳು, ಕೆಲಸ ಹೇಳಿದಳು. ಎಲ್ಲವೂ ಬೆಣ್ಣೆಯಲ್ಲಿ ಕೂದಲೆಳೆದಷ್ಟು ಸಲೀಸು. ಬಾಗಿಲು ಮಾತ್ರ ಧಡಧಡ ಎನ್ನುತ್ತಲೇ ಇತ್ತು.

"ಯಾರದು ಬಾಗಿಲಲ್ಲಿ?" ಎಂದು ಅಜ್ಜಿ ನಿಧಾನವಾಗಿ, ಬಿಡಿಸಿ ಬಿಡಿಸಿ ಕೇಳಿದರು.

ಪರೀಕ್ಷೆ, ಚಿಲಕ, ಗಂಡನ ಅಕ್ಕನ ಮನೆ ಇವನ್ನೆಲ್ಲ ವಿವರಿಸುವಷ್ಟು ಸ್ಪ್ಯಾನಿಷ್ ಅವಳ ಬತ್ತಳಿಕೆಯಲ್ಲಿ ಎಲ್ಲಿತ್ತು? ಇದ್ದ ಪದಗಳನ್ನೇ ಜೋಡಿಸಿ ಗಂಭೀರವಾಗಿ ಹೇಳಿದಳು: "ಒಬ್ಬ ಗಂಡಸು. ಅವನಿಗೆ ಹಲ್ಲು ಬೇಕಂತೆ."

ಅಜ್ಜಿಯ ನಗು ಮಾಯವಾಯಿತು.

"ಜೊತೆಗೆ ಒಬ್ಬಳು ಮುದುಕಿ" ಎಂದು ಕನ್ನಡಕದಕ್ಕ ವಿವರ ತುಂಬಿದಳು. "ಅವಳಿಗೆ ಹಲ್ಲಿಲ್ಲ."

ಅಜ್ಜಿ ಎದೆಯ ಮೇಲೆ ಕೈಯಿಟ್ಟುಕೊಂಡರು. ಅಷ್ಟರಲ್ಲಿ ಬಾಗಿಲಿನ ಸದ್ದು ನಿಂತು, ಅಡುಗೆಮನೆ ಕಡೆಯಿಂದ ಸ್ಕ್ರೂ ಬಿಚ್ಚುವ ಕಿರ್‌ಕಿರ್ ಕೇಳಿಸಿತು. ತಾನೇ ಜಡಿದ ಚಿಲಕವನ್ನು ತಾನೇ ತೆಗೆಯಲಾಗದ ಬೀಗದಣ್ಣ ಹಿಂದಿನ ಕಿಟಕಿಯ ಸರಳು ಬಿಚ್ಚುತ್ತಿದ್ದ! ಕನ್ನಡಕದಕ್ಕ ಒಂದು ಕೈಲಿ ಕಂಪ್ಯೂಟರ್, ಇನ್ನೊಂದು ಕೈಲಿ ಪೊರಕೆ ಹಿಡಿದು ಓಡಿದಳು. ಕಿಟಕಿಯಲ್ಲಿ ಎರಡು ಕಾಲು ಒಳಕ್ಕೆ ಬಂದು, ಸೊಂಟದ ಹತ್ತಿರ ಸಿಕ್ಕಿಕೊಂಡು ಒದ್ದಾಡುತ್ತಿದ್ದವು. ಕಾಲಿಗೆ ಮುಖ ಎಲ್ಲಿ? ಅವಳಿಗೆ ಮೊದಲ ಬಾರಿಗೆ ನಿಜವಾದ ಭಯವಾಯಿತು. ಪರೀಕ್ಷೆಗೆಂದು ಯಾವ ಗಂಡ ತಾನೇ ಸ್ವಂತ ಮನೆಯ ಸರಳು ಕೀಳುತ್ತಾನೆ?

"ಹೊಡಿ! ಹೊಡಿ!" ಎಂದು ಅಜ್ಜಿ ಸ್ಪ್ಯಾನಿಷಿನಲ್ಲಿ ಕಿರುಚಿದರು.

ಮನಸ್ಸಿನಲ್ಲಿ ತರ್ಜುಮೆ ಮಾಡಿಕೊಳ್ಳದೆ ಅವಳಿಗೆ ಅರ್ಥವಾದ ಮೊದಲ ಸ್ಪ್ಯಾನಿಷ್ ಮಾತು ಅದು! ಆ ಸಂತೋಷಕ್ಕೋ ಭಯಕ್ಕೋ, ಚೆನ್ನಾಗಿಯೇ ಬಾರಿಸಿದಳು.

"ಅಯ್ಯಯ್ಯೋ! ಸತ್ನಲ್ಲೇ! ಪೊರಕೆಗೆ ಟವೆಲ್ಲಾದ್ರೂ ಸುತ್ತಿ ಹೊಡಿಯೇ!"

ಟವೆಲ್! ಜಗತ್ತಿನಲ್ಲಿ ಅವಳನ್ನು ಟವೆಲ್ ಕೇಳುವ ಗಂಡಸು ಒಬ್ಬನೇ. ಪೊರಕೆ ಕೈಯಿಂದ ಜಾರಿತು. ಕಿಟಕಿಯ ಸಂದಿಯಲ್ಲಿ ಅತ್ತೆಯ ಬೊಚ್ಚು ಬಾಯಿ ಕಾಣಿಸಿತು. ಓಡಿಹೋಗಿ ಚಿಲಕ ಸರಿಸಿ ಅತ್ತೆಯನ್ನು ಒಳಗೆ ಕರೆದಳು, ಗಂಡನನ್ನು ಕಿಟಕಿಯಿಂದ ಎಳೆದು ಇಳಿಸಿದಳು, ಬಚ್ಚಲಿನ ಲೋಟದಿಂದ ಹಲ್ಲು ತಂದುಕೊಟ್ಟಳು. ಅತ್ತೆ ಹಲ್ಲು ಕೂರಿಸಿಕೊಂಡು, ಬೆಳಿಗ್ಗೆಯಿಂದ ಮೊದಲ ಸಲ ಸ್ಪಷ್ಟವಾಗಿ ಮಾತಾಡಿದರು. "ಪಾಸಾದೆ ಕಣಮ್ಮಾ. ನಿನ್ನ ಹತ್ರ ಯಾವ ಕಳ್ಳ ಬರ್ತಾನೆ? ಧೈರ್ಯವಾಗಿ ಹೋಗು."

ಬೀಗದಣ್ಣ ಸೊಂಟ ಹಿಡಿದುಕೊಂಡು ನೆಲದ ಮೇಲೆ ಕೂತಿದ್ದ. ಕಣ್ಣಲ್ಲಿ ನೀರು ತುಂಬಿತ್ತು, ಪೊರಕೆಯ ಪ್ರತಾಪವಷ್ಟೇ ಅಲ್ಲ. "ನನಗೆ ಆ ಊರಿನ ಭಯ ಇರಲಿಲ್ಲ ಕಣೇ. ನೀನಿಲ್ಲದ ಮನೆಗೆ ಸಂಜೆ ಬಂದು ಬೀಗ ತೆಗೀಬೇಕಲ್ಲ, ಅದೇ ಭಯ. ಅದಕ್ಕೇ ಊರೂರಿಗೂ ಕೊಂಕು ತೆಗೀತಿದ್ದೆ."

"ಬಂದುಬಿಡ್ತೀನಲ್ರೀ" ಎಂದು ಕನ್ನಡಕದಕ್ಕ ಅವನ ಬೆನ್ನು ನೀವಿದಳು. ಆಮೇಲೆ ಗೆದ್ದ ಹುರುಪಿನಲ್ಲಿ ಕಂಪ್ಯೂಟರಿನತ್ತ ತಿರುಗಿದಳು. ಅಜ್ಜಿ ಇನ್ನೂ ಅಲ್ಲೇ ಇದ್ದರು, ಎಲ್ಲವನ್ನೂ ನೋಡುತ್ತ. "ಇವರು ನನ್ನ ಗಂಡ" ಎಂದು ಪರಿಚಯಿಸಿದಳು. "ಇವರು ಅವರ ತಾಯಿ. ಈಗ ಹಲ್ಲಿದೆ. ನಿಮ್ಮ ಊರು ಭದ್ರವಾಗಿದೆ ಅಂತ ಮನೆಯವರೆಲ್ಲ ಒಪ್ಪಿದ್ದಾರೆ. ಕೋಣೆ ನನಗೇ ತಾನೇ?"

ಅಜ್ಜಿ ನೆಲದ ಮೇಲಿದ್ದ ಗಂಡನನ್ನು ನೋಡಿದರು, ಪೊರಕೆಯನ್ನು ನೋಡಿದರು, ಸರಳು ಕಿತ್ತ ಕಿಟಕಿಯನ್ನು ನೋಡಿದರು. ಆಮೇಲೆ, ಹೊಸಬಳಿಗೆ ಒಂದಕ್ಷರವೂ ತಪ್ಪಬಾರದೆಂದು, ತೀರಾ ನಿಧಾನವಾಗಿ ಹೇಳಿದರು:

"ನೋಡಮ್ಮಾ, ನಾನೂ ಮನೇಲಿ ಒಂಟಿ ಹೆಂಗಸು. ಮಕ್ಕಳನ್ನ ಒಂದು ಮಾತು ಕೇಳಿ ಹೇಳ್ತೀನಿ."